ಬಸವಾಪಟ್ಟಣದ ಕೂಟ, ರೆಸಿಡೆಂಟನ ಪತ್ರ: ದೊರೆತನ ಸಡಿಲವಾದಾಗ ಹೊರಗಿನ ದೂತರು ಕಂಡದ್ದೇನು?

1831ರ ಅಕ್ಟೋಬರ್ 19ರಂದು ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರು ರಾಜ್ಯದ ಆಡಳಿತವನ್ನು ಈಸ್ಟ್ ಇಂಡಿಯಾ ಕಂಪನಿಯ ಕಮಿಷನರುಗಳಿಗೆ ಒಪ್ಪಿಸಿದರು. ಒಪ್ಪಿಸಬೇಕೆಂದು ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಬರೆದ ಪತ್ರದ ತಾರೀಖು ಸೆಪ್ಟೆಂಬರ್ 7. ಆತ ಆಗ ಉತ್ತರ ಹಿಂದೂಸ್ತಾನದಲ್ಲಿದ್ದ. ಅದೇ ಅಕ್ಟೋಬರಿನ ಕೊನೆಗೆ ಸಟ್ಲೆಜ್ ದಂಡೆಯ ರೋಪರಿನಲ್ಲಿ ರಣಜಿತ್ ಸಿಂಗನ ಭೇಟಿ ಮುಗಿಸಿದ. ಪತ್ರಕ್ಕೆ ನೆಪವಾದ ರೈತರ ಕೂಟಗಳು ಸೇರಿದ್ದೋ ಬಸವಾಪಟ್ಟಣ, ಹೊನ್ನಾಳಿ, ಹೊಳೆಹೊನ್ನೂರಿನ ಕಡೆ. ಇವುಗಳಲ್ಲಿ ಮೊದಲೆರಡು ಇಂದು ದಾವಣಗೆರೆ ಜಿಲ್ಲೆಯಲ್ಲಿವೆ. ಕೂಟಕ್ಕೂ ತೀರ್ಪಿಗೂ ನಡುವೆ ಇಡೀ ದೇಶದಷ್ಟು ದೂರ. ಆ ದೂರವನ್ನು ತುಂಬಿದ್ದು ಕಾಗದ; ಅದರಲ್ಲಿ ಬಹುಪಾಲು ಹಾದುಹೋದದ್ದು ಒಬ್ಬನ ಮೇಜಿನ ಮೇಲಿಂದ. ಅವನೇ ಮೈಸೂರಿನ ರೆಸಿಡೆಂಟ್.

ರಾಜನ ಹಿಡಿತ ಸಡಿಲವಾಗುತ್ತಿರುವ ನಾಡಿನಲ್ಲಿ ಪರದೇಶದ ದೂತ ಏನನ್ನು ಕಾಣಬಲ್ಲ, ಏನನ್ನು ಕಾಣಲಾರ ಎಂಬುದಕ್ಕೆ ಪೆಟ್ರೋಗ್ರಾಡ್, ಟೆಹರಾನ್‌ಗಳ ಉದಾಹರಣೆ ಕೊಡುವುದು ರೂಢಿ. ಅಲ್ಲಿಗೂ ಹೋಗೋಣ, ಆಮೇಲೆ. ನಗರದ ದಂಗೆ (ಇಲ್ಲಿ ನಗರ ಎಂದರೆ ಪಟ್ಟಣವೆಂದಲ್ಲ, ಹಳೆಯ ಬಿದನೂರು ಮತ್ತು ಅದರ ಸೀಮೆಯ ಹೆಸರು) ಎಂದು ದಾಖಲೆಗಳಲ್ಲಿ ಹೆಸರಾದ 1830–31ರ ಈ ಪ್ರಕರಣದಲ್ಲಿ ಇಡೀ ಯಂತ್ರದ ಬಿಡಿಭಾಗಗಳು ಹೆಚ್ಚು ನಿಚ್ಚಳವಾಗಿ ಕಾಣುತ್ತವೆ.

ಮೊದಲು ರೆಸಿಡೆಂಟ್ ಎಂದರೆ ಯಾರು ಎಂಬುದು. ಕಾಗದದ ಮೇಲೆ ಆತ ಒಂದು ಸರ್ಕಾರ ಇನ್ನೊಂದು ದರ್ಬಾರಿಗೆ ಕಳಿಸಿದ ಪ್ರತಿನಿಧಿ. ಆದರೆ ಟಿಪ್ಪುವಿನ ಪತನದ ನಂತರ 1799ರ ಜುಲೈ 8ರಂದು ಶ್ರೀರಂಗಪಟ್ಟಣದಲ್ಲಿ ಆದ ಒಪ್ಪಂದ ಆ ಸಮಾನತೆಯನ್ನು ಹುಟ್ಟುವಾಗಲೇ ಮುರಿದಿತ್ತು. ಮೈಸೂರಿನ ಅರಸರು ಕಂಪನಿಗೆ ತಿಳಿಸದೆ ಬೇರೆ ರಾಜ್ಯಗಳೊಡನೆ ಪತ್ರವ್ಯವಹಾರ ಮಾಡುವಂತಿರಲಿಲ್ಲ, ಕಂಪನಿಯ ಒಪ್ಪಿಗೆಯಿಲ್ಲದೆ ಯೂರೋಪಿಯನ್ನರನ್ನು ನೌಕರಿಗೆ ಇಟ್ಟುಕೊಳ್ಳುವಂತಿರಲಿಲ್ಲ. ಕಂಪನಿಯ ಸೈನ್ಯ ಕೊಡುವ ರಕ್ಷಣೆಗೆಂದು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ, ಅಂದರೆ ಸುಮಾರು 24.5 ಲಕ್ಷ ರೂಪಾಯಿ ಪೊಗದಿ ಕೊಡಬೇಕಿತ್ತು. ಒಪ್ಪಂದದ ಕಾಲದಲ್ಲಿ ರಾಜ್ಯಕ್ಕೆ ಅಂದಾಜಿಸಿದ್ದ ಆದಾಯದಲ್ಲಿ ಇದು ಅರ್ಧಕ್ಕೆ ಕಡಿಮೆಯಿಲ್ಲ. 1807ರ ಪೂರಕ ಒಪ್ಪಂದ ಇದರ ಮೇಲೆ 4,000 ಕುದುರೆ ಸವಾರರನ್ನು ಸಾಕುವ ಹೊಣೆಯನ್ನೂ ಹೊರಿಸಿತು.

ಎಲ್ಲಕ್ಕಿಂತ ಮುಖ್ಯವಾದವು 4 ಮತ್ತು 5ನೆಯ ಕಲಮುಗಳು. ಪೊಗದಿ ನಿಂತುಹೋದೀತು ಎಂಬ ಅನುಮಾನಕ್ಕೆ ಕಾರಣ ಕಂಡರೆ ಗವರ್ನರ್ ಜನರಲ್ ರಾಜ್ಯದ ಒಳಾಡಳಿತಕ್ಕೆ ನಿಯಮಗಳನ್ನು ಹಾಕಬಹುದು, ಇಲ್ಲವೇ ಹಣ ವಸೂಲಾಗಲು ಬೇಕಾದಷ್ಟು ಪ್ರದೇಶವನ್ನು ನೇರ ಆಡಳಿತಕ್ಕೆ ತೆಗೆದುಕೊಳ್ಳಬಹುದು ಎಂದು ಅವು ಹೇಳುತ್ತಿದ್ದವು. ‘ಅನುಮಾನಕ್ಕೆ ಕಾರಣ’ ಒದಗಿಸುವವರು ಯಾರು? ರೆಸಿಡೆಂಟ್. ಹೀಗಾಗಿ ಅವನ ಪತ್ರ ಸುದ್ದಿಪತ್ರವಾಗಿ ಉಳಿಯಲಾರದು. ಅದು ಒಂದು ಕಲಮನ್ನು ಚಲಾಯಿಸಲು ಬೇಕಾದ ಸಾಕ್ಷ್ಯವೂ ಹೌದು. ಈ ಒಂದು ಸಂಗತಿಯನ್ನು ಮರೆತು ರೆಸಿಡೆನ್ಸಿಯ ಕಡತ ಓದಿದರೆ ದಾರಿ ತಪ್ಪುವುದು ಖಂಡಿತ.

ಈಗ ಹೊಲದ ಕಡೆ ಬರೋಣ. ಪೊಗದಿಯನ್ನು ಕೊಡಬೇಕಾದದ್ದು ನಗದಿನಲ್ಲಿ, ಕಂತು ತಪ್ಪದೆ. ದಿವಾನ್ ಪೂರ್ಣಯ್ಯ 1811ರಲ್ಲಿ ಅಧಿಕಾರ ಬಿಟ್ಟ ಮೇಲೆ ಖಜಾನೆ ಕರಗುತ್ತ ಬಂತು, ಅರಮನೆಯ ಖರ್ಚು ಏರುತ್ತ ಹೋಯಿತು. 1825ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ಮೈಸೂರಿಗೇ ಬಂದು, ಹಣಕಾಸು ಸರಿಪಡಿಸದಿದ್ದರೆ ಒಪ್ಪಂದದ ಕಲಮನ್ನು ಬಳಸಬೇಕಾದೀತು ಎಂದು ಎಚ್ಚರಿಸಿ ಹೋದ. ಹುಜೂರಿಗೆ, ಅಂದರೆ ಅರಮನೆಯ ಸರ್ಕಾರಕ್ಕೆ, ಹಣ ಬೇಕು. ಅದಕ್ಕೆ ಸಿಕ್ಕ ದಾರಿ ಶರ್ತಿ ಪದ್ಧತಿ. ಅಮಲ್ದಾರನಾಗುವವನು ತನ್ನ ತಾಲ್ಲೂಕಿನಿಂದ ಇಷ್ಟು ಹಣ ಕಟ್ಟುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಡಬೇಕು. ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು. ಹೆಚ್ಚು ಒಪ್ಪಿಕೊಂಡವನಿಗೆ ಹುದ್ದೆ; ಕಟ್ಟಲಾಗದಿದ್ದರೆ ಹುದ್ದೆ ಇನ್ನೊಬ್ಬನಿಗೆ. ಮುಂದಿನ ವರ್ಷ ತಾನು ಇರುತ್ತೇನೋ ಇಲ್ಲವೋ ತಿಳಿಯದ ಅಧಿಕಾರಿ ಈ ವರ್ಷವೇ ಹಿಂಡುತ್ತಾನೆ. ಕೆರೆಯ ತೂಬು ಸರಿಪಡಿಸುವ, ಬಿತ್ತನೆಗೆ ಸಾಲ ಕೊಡುವ ಯೋಚನೆ ಅವನಿಗೆ ಬರಬೇಕಾದರೂ ಯಾಕೆ?

ಇದರ ಜೊತೆಗೆ ಧಾನ್ಯದ ಬೆಲೆ ಇಳಿಯಿತು. ಒಬ್ಬ ರೈತನ ಕಂದಾಯ 10 ವರಹ ಎಂದಿಟ್ಟುಕೊಳ್ಳಿ, ಕಂಠೀರಾಯಿ ಲೆಕ್ಕದಲ್ಲಿ 100 ಹಣ. ಭತ್ತದ ಬೆಲೆ ಖಂಡುಗಕ್ಕೆ 10 ಹಣ ಇದ್ದಾಗ ಅವನು 10 ಖಂಡುಗ ಮಾರಿದರೆ ತೀರುತ್ತಿತ್ತು. 5 ಹಣಕ್ಕೆ ಇಳಿದರೆ 20 ಖಂಡುಗ ಮಾರಬೇಕು. ಕಂದಾಯದ ದರ ಒಂದು ಕಾಸೂ ಏರಿಲ್ಲ, ಆದರೂ ಭಾರ ಇಮ್ಮಡಿಯಾಯಿತು. (ಅಂಕಿಗಳು ಲೆಕ್ಕ ತಿಳಿಯಲೆಂದು ಇಟ್ಟವು, ದಾಖಲೆಯವಲ್ಲ.) ದರ್ಬಾರಿನ ಲೆಕ್ಕಪತ್ರ ನೋಡುವವರಿಗೆ ಇದು ಕಾಣುವುದೇ ಇಲ್ಲ, ಯಾಕೆಂದರೆ ಅಲ್ಲಿ ಬರೆದಿರುವುದು ವರಹ, ಖಂಡುಗವಲ್ಲ.

ನಗರದ ಫೌಜುದಾರಿಯಲ್ಲಿ, ಅಂದರೆ ಫೌಜುದಾರನೆಂಬ ಅಧಿಕಾರಿಯ ಕೈಕೆಳಗಿನ ಹಲವು ತಾಲ್ಲೂಕುಗಳ ವಿಭಾಗದಲ್ಲಿ, ಇನ್ನೊಂದು ಗಂಟಿತ್ತು. ಬಹುಕಾಲ ಅಲ್ಲಿ ಫೌಜುದಾರನಾಗಿದ್ದ ರಾಮರಾಯ ತನ್ನ ಬಂಧುಬಳಗವನ್ನೇ ಹುದ್ದೆಗಳಲ್ಲಿ ಕೂರಿಸಿದ್ದ. ಅವನ ನಂತರ ಅರಮನೆಯ ಸಂಬಂಧಿ ವೀರರಾಜೇ ಅರಸು ಬಂದು ಹಳೆಯ ಲೆಕ್ಕ ತೆಗೆಸಿದಾಗ, ಹಿಂದೆ ಮಾಫಿಯಾಗಿದೆ ಎಂದು ರೈತರು ತಿಳಿದಿದ್ದ ಹಣ ಮತ್ತೆ ಬಾಕಿಯಾಗಿ ಎದ್ದು ನಿಂತಿತು. ಹುದ್ದೆ ಕಳೆದುಕೊಳ್ಳುವ ಭಯದಲ್ಲಿದ್ದ ಅಧಿಕಾರಿಗಳಿಗೂ ಬಾಕಿಯ ಭಯದಲ್ಲಿದ್ದ ರೈತರಿಗೂ ಒಂದೇ ಎದುರಾಳಿ ಸಿಕ್ಕ. 1830ರ ಆಗಸ್ಟಿನಿಂದ ಕೂಟಗಳು ಸೇರತೊಡಗಿದವು.

ಕೂಟ ಎಂದರೆ ಗುಂಪುಗಾರಿಕೆ ಎಂದುಕೊಳ್ಳಬಾರದು. ಅದಕ್ಕೊಂದು ಕ್ರಮವಿತ್ತು: ಊರೂರಿಗೆ ಕಾಗದ ಹೋಗುತ್ತಿತ್ತು, ಪಟೇಲರು ರೈತರನ್ನು ಕರೆತರುತ್ತಿದ್ದರು, ಒಂದು ಬಯಲಿನಲ್ಲಿ ಸೇರಿ ಅಹವಾಲು ಮುಂದಿಡುತ್ತಿದ್ದರು, ಉತ್ತರ ಬರುವವರೆಗೆ ಕಂದಾಯ ಕಟ್ಟುತ್ತಿರಲಿಲ್ಲ. ಅದು ದಂಗೆಗೆ ಮುಂಚಿನ ಮಾತುಕತೆ. ಮಾತುಕತೆಗೆ ಯಾರೂ ಬರದಿದ್ದಾಗ, ಬಂದವರು ಬಂದೂಕಿನೊಡನೆ ಬಂದಾಗ, ಅದು ಬೇರೆಯ ರೂಪ ತಾಳಿತು. ಮೂಲತಃ ಸಾದರ ಮಲ್ಲ ಎಂಬ ಹೆಸರಿನ ಬೂದಿ ಬಸವಪ್ಪ ತಾನು ನಗರದ ಸಂಸ್ಥಾನದ ಹಕ್ಕುದಾರ ಎಂದು ನಿಂತ; ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕ ಸೇರಿಕೊಂಡ. ದರ್ಬಾರಿನ ಪಡೆಗಳಿಂದ ಆಗದೆ ಕಂಪನಿಯ ಸೈನ್ಯ ಬಂತು. 1831ರ ಜೂನಿನಲ್ಲಿ ಕರ್ನಲ್ ಎವಾನ್ಸ್‌ನ ಪಡೆ ನಗರವನ್ನು ಹಿಡಿಯಿತು. ಆ ಹೊತ್ತಿಗೆ, ಗಮನಿಸಿ, ಆಡಳಿತ ಕಿತ್ತುಕೊಳ್ಳುವ ಪತ್ರ ಇನ್ನೂ ಬರೆದಿರಲಿಲ್ಲ. ದಂಗೆಯ ಬೆನ್ನು ಮುರಿದ ಮೇಲೆ ಆ ಪತ್ರ ಬಂತು.

ಇಷ್ಟೆಲ್ಲ ಮೈಸೂರಿನಲ್ಲಿ ಕುಳಿತ ರೆಸಿಡೆಂಟ್ ಜೆ. ಎ. ಕ್ಯಾಸಮೇಜರ್‌ನ ಕಿವಿಗೆ ಹೇಗೆ ಮುಟ್ಟಬೇಕಿತ್ತು? ಆಡಳಿತದ ಏಣಿ ಹೀಗಿತ್ತು: ಶಾನುಭೋಗ, ಅಮಲ್ದಾರನ ಕಚೇರಿ, ಫೌಜುದಾರ, ಹುಜೂರು ಕಚೇರಿ. ಅಲ್ಲಿಂದ ದರ್ಬಾರು ಹೇಳಿದ್ದು, ಮುನ್ಷಿಗಳು ಬಜಾರಿನಲ್ಲಿ ಕೇಳಿದ್ದು, ಆಗಾಗ ನೇರವಾಗಿ ಬಂದ ಅರ್ಜಿಗಳು. ರಾಜ್ಯದ ಅಂಚೆ ಆಗ ಪತ್ರ ಸಾಗಿಸುವುದರ ಜೊತೆಗೆ ಗುಪ್ತಸುದ್ದಿಯನ್ನೂ ಮುಟ್ಟಿಸುವ ಇಲಾಖೆ. ಆದರೆ ಅದು ಮುಟ್ಟಿಸುತ್ತಿದ್ದದ್ದು ಅರಮನೆಗೆ.

ಪ್ರತಿ ಮೆಟ್ಟಿಲಲ್ಲೂ ಸುದ್ದಿ ತನ್ನ ಆಕಾರ ಬದಲಿಸುತ್ತದೆ. ಶರ್ತಿಗೆ ಒಪ್ಪಿಕೊಂಡ ಅಮಲ್ದಾರ ‘ನಾನು ಹೆಚ್ಚು ವಸೂಲಿ ಮಾಡಿದೆ, ಅದಕ್ಕೆ ರೈತರು ಎದ್ದರು’ ಎಂದು ಬರೆಯುವನೇ? ದುಷ್ಟರು ಕೆಲವರು ರೈತರನ್ನು ಎತ್ತಿಕಟ್ಟಿದ್ದಾರೆ ಎಂದು ಬರೆಯುತ್ತಾನೆ. ಹೊಸ ಫೌಜುದಾರನಿಗೆ ಹಳೆಯ ಫೌಜುದಾರನ ಕಡೆಯವರೇ ಎಲ್ಲದಕ್ಕೂ ಮೂಲ. ಹಳಬರಿಗೆ ಹೊಸಬನ ಬಾಕಿ ಲೆಕ್ಕವೇ ಮೂಲ. ದರ್ಬಾರಿಗೆ ಬೂದಿ ಬಸವಪ್ಪನೊಬ್ಬನೇ ಸಾಕು, ಯಾಕೆಂದರೆ ಸುಳ್ಳು ಹಕ್ಕುದಾರನನ್ನು ಹಿಡಿದರೆ ಕಥೆ ಮುಗಿಯುತ್ತದೆ, ಕಂದಾಯದ ಪ್ರಶ್ನೆ ಏಳುವುದಿಲ್ಲ. ಈ ಎಲ್ಲ ಕಾರಣಗಳೂ ಸ್ವಲ್ಪ ಸ್ವಲ್ಪ ನಿಜ. ಯಾವುದು ಎಷ್ಟು ನಿಜ ಎಂದು ತೂಗಬೇಕಾದವನು ಬಸವಾಪಟ್ಟಣದಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ತೂಕದ ಕಲ್ಲನ್ನೂ ದರ್ಬಾರಿನಿಂದಲೇ ಎರವಲು ಪಡೆದು ಕುಳಿತಿದ್ದ.

ಅಂತೂ ಕಂಪನಿಯ ಮೇಲಿನವರಲ್ಲಿ ಗಟ್ಟಿಯಾದ ನಿರ್ಣಯ ಒಂದೇ: ರಾಜರ ದುರಾಡಳಿತ. ಇದನ್ನು ಪರೀಕ್ಷಿಸಲು ಒಂದು ಸುಲಭದ ಉಪಾಯವಿದೆ, ಪಕ್ಕದ ಹೊಲ ನೋಡುವುದು. ಘಟ್ಟದ ಕೆಳಗಿನ ಕೆನರಾ ಜಿಲ್ಲೆ 1799ರಿಂದ ಕಂಪನಿಯ ನೇರ ಆಡಳಿತದಲ್ಲಿತ್ತು. ಅಲ್ಲಿ ಅರಸನಿಲ್ಲ, ಫೌಜುದಾರನಿಲ್ಲ, ಶರ್ತಿಯಿಲ್ಲ, ಇದ್ದವನು ಕಲೆಕ್ಟರ್. ಅಲ್ಲಿಯೂ ಇದೇ 1830–31ರಲ್ಲಿ ರೈತರು ಕೂಟ ಸೇರಿದರು, ಬೆಲೆ ಇಳಿದಿದೆ, ಕಂದಾಯ ಇಳಿಸಿ ಎಂದು ಕೇಳಿದರು. ಹಾಗಾದರೆ ಎರಡೂ ಕಡೆಗೆ ಸಾಮಾನ್ಯವಾದ ಕಾರಣವೊಂದು ಇರಲೇಬೇಕು. ಅದು ಅರಮನೆಯ ಗೋಡೆಯೊಳಗೆ ಇರಲಿಲ್ಲ. ಹಾಗೆಂದು ಮೈಸೂರಿನ ದರ್ಬಾರು ನಿರ್ದೋಷಿ ಎನ್ನಲಾಗದು. ಶರ್ತಿ ಪದ್ಧತಿ ಇಲ್ಲದಿದ್ದರೆ ಇಲ್ಲಿಯ ಕೂಟವೂ ಅರ್ಜಿ, ವಿಚಾರಣೆಗಳಲ್ಲೇ ಮುಗಿಯುತ್ತಿತ್ತೇನೋ. ಆದರೆ ಒಂದೇ ಕಾಯಿಲೆ ಕಲೆಕ್ಟರನ ಜಿಲ್ಲೆಯಲ್ಲಿ ಕಂಡರೆ ಕಂದಾಯದ ಸಮಸ್ಯೆ, ರಾಜನ ಸೀಮೆಯಲ್ಲಿ ಕಂಡರೆ ರಾಜತ್ವದ ಅಯೋಗ್ಯತೆ ಎಂದಾದದ್ದು ನೋಡುವವನ ಕಣ್ಣಿನ ದೋಷ.

ಆ ಹೊತ್ತಿನ ಸಂದರ್ಭವನ್ನೂ ಗಮನಿಸಬೇಕು. ಕಿತ್ತೂರಿನಲ್ಲಿ 1824ರ ಅಕ್ಟೋಬರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾಗಿದ್ದ. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿಯಲ್ಲಿ, ನಗರದ ದಂಗೆ ಕುದಿಯುತ್ತಿದ್ದಾಗಲೇ. ತುಂಗಭದ್ರೆಯ ಎರಡೂ ದಂಡೆಯ ಸುದ್ದಿಯನ್ನು ಒಟ್ಟಿಗೆ ಓದುವ ಅಧಿಕಾರಿಗೆ ಹೊನ್ನಾಳಿಯ ಕಂದಾಯದ ತಕರಾರು ಬೆಂಕಿ ಹಬ್ಬುತ್ತಿರುವಂತೆ ಕಾಣುವುದು ಸಹಜ.

ಆಡಳಿತ ತೆಗೆದುಕೊಂಡ ಮೇಲೆ, ಹೌದು, ಮೇಲೆ, ದಂಗೆಯ ಕಾರಣ ವಿಚಾರಿಸಲು ಸಮಿತಿಯೊಂದು ನೇಮಕವಾಯಿತು. ಹಾಕರ್, ಮಾರಿಸನ್, ಮ್ಯಾಕ್ಲಿಯಾಡ್, ಕಬ್ಬನ್ ಅದರ ಸದಸ್ಯರು. ವರದಿಯ ತಾರೀಖು 1833ರ ಡಿಸೆಂಬರ್ 12. ತೀರ್ಪಾಗಿ ಎರಡು ವರ್ಷ ದಾಟಿದ ಮೇಲೆ ಸಾಕ್ಷಿ ವಿಚಾರಣೆ! ದುರಾಡಳಿತವೇ ಮೂಲ ಎಂದು ಸಮಿತಿ ಹೇಳಿತು. ಮರುವರ್ಷ ಮಾರಿಸನ್, ಅವನ ಬೆನ್ನಿಗೇ ಕಬ್ಬನ್ ಮೈಸೂರಿನ ಕಮಿಷನರ್ ಆದರು. ಕಬ್ಬನ್ 1861ರವರೆಗೆ ಆಳಿದ. ವರದಿಯನ್ನು ಇದರಿಂದಲೇ ತಳ್ಳಿಹಾಕಬೇಕಿಲ್ಲ. ಶರ್ತಿ ಪದ್ಧತಿ ತಾಲ್ಲೂಕು ಮಟ್ಟದಲ್ಲಿ ಹೇಗೆ ಹಿಂಡುತ್ತಿತ್ತು ಎಂಬುದಕ್ಕೆ ಅದರಷ್ಟು ವಿವರ ಇನ್ನೊಂದರಲ್ಲಿ ಸಿಗುವುದು ಕಷ್ಟ. ಬರೆದವರು ಎಲ್ಲಿ ನಿಂತು ಬರೆದರು ಎಂಬುದು ನೆನಪಿದ್ದರೆ ಸಾಕು.

ಬೆಂಟಿಂಕನೇ 1834ರಲ್ಲಿ ದಕ್ಷಿಣಕ್ಕೆ ಬಂದಾಗ ಅನುಮಾನಕ್ಕೆ ಬಿದ್ದ. ಒಪ್ಪಂದ ಹೇಳಿದ್ದು ಪೊಗದಿಗೆ ಬೇಕಾದಷ್ಟು ಭಾಗವನ್ನು; ತಾನು ತೆಗೆದುಕೊಂಡದ್ದು ಇಡೀ ರಾಜ್ಯವನ್ನು. ಕೆಲವು ಸೀಮೆಗಳನ್ನು ರಾಜರಿಗೆ ಹಿಂದಿರುಗಿಸೋಣ ಎಂದು ಸಲಹೆ ಕಳಿಸಿದ. ಲಂಡನ್ ಒಪ್ಪಲಿಲ್ಲ. ರಾಜ್ಯ ಒಡೆಯರಿಗೆ ಮರಳಿದ್ದು 1881ರ ಮಾರ್ಚ್ 25ರಂದು, ಮುಮ್ಮಡಿಯವರ ದತ್ತುಪುತ್ರನ ಕಾಲದಲ್ಲಿ.

ಉತ್ತರ ಹಿಂದೂಸ್ತಾನದ ಔಧ್ ರಾಜ್ಯದಲ್ಲಿ ಇದೇ ಆಟ ಇನ್ನೂ ಒರಟಾಗಿ ನಡೆಯಿತು. ಲಖನೌದ ರೆಸಿಡೆಂಟ್ ಸ್ಲೀಮನ್ 1849–50ರ ಚಳಿಗಾಲದಲ್ಲಿ ರಾಜ್ಯವನ್ನೆಲ್ಲ ಸುತ್ತಿ ದುರಾಡಳಿತದ ವಿವರ ಬರೆದ, ಆದರೆ ರಾಜ್ಯವನ್ನು ನುಂಗುವುದು ಬೇಡ ಎಂದೂ ಹೇಳಿದ. 1856ರಲ್ಲಿ ಔಧನ್ನು ಕಂಪನಿಗೆ ಸೇರಿಸಿಕೊಂಡ ಗವರ್ನರ್ ಜನರಲ್ ಡಾಲ್‌ಹೌಸಿ ಅವನ ವಿವರಗಳನ್ನು ಇಟ್ಟುಕೊಂಡ, ಸಲಹೆಯನ್ನು ಬಿಟ್ಟ. ದೂತ ಎಷ್ಟೇ ಪ್ರಾಮಾಣಿಕನಾಗಿದ್ದರೂ ಅವನ ಕಾಗದ ಕೈಬಿಟ್ಟ ಮೇಲೆ ಅವನದಲ್ಲ.

ತಂತಿ ಬಂದ ಮೇಲೆ ದೂರದ ತೊಂದರೆ ನೀಗಿತು. ಕಣ್ಣಿನ ತೊಂದರೆ ನೀಗಲಿಲ್ಲ. 1917ರ ಜನವರಿ 12ರಂದು ಪೆಟ್ರೋಗ್ರಾಡಿನ ಬ್ರಿಟಿಷ್ ರಾಯಭಾರಿ ಜಾರ್ಜ್ ಬುಕಾನನ್ ತ್ಸಾರ್ ಎರಡನೆಯ ನಿಕೊಲಸ್‌ನನ್ನು ಕಂಡು, ಪ್ರಜೆಗಳ ವಿಶ್ವಾಸವನ್ನು ಮರಳಿ ಗಳಿಸಿ ಎಂದ. ನಾನು ಅವರ ವಿಶ್ವಾಸ ಗಳಿಸಬೇಕೋ, ಅವರು ನನ್ನದನ್ನೋ ಎಂದು ತ್ಸಾರ್ ಕೇಳಿದ. ಬುಕಾನನ್ ಸಾಕಷ್ಟು ಸರಿಯಾಗಿಯೇ ನೋಡಿದ್ದ. ಆದರೆ ಅದೇ ಚಳಿಗಾಲದಲ್ಲಿ ಲಂಡನ್ನಿನಿಂದ ಬಂದ ಲಾರ್ಡ್ ಮಿಲ್ನರ್‌ನ ನಿಯೋಗ, ಕ್ರಾಂತಿಯ ಮಾತು ಉತ್ಪ್ರೇಕ್ಷೆ ಎಂಬ ಅಭಿಪ್ರಾಯದೊಡನೆ ಹಿಂದಿರುಗಿತು. ವಾರಗಳಲ್ಲೇ, ಮಾರ್ಚ್ 15ಕ್ಕೆ, ತ್ಸಾರ್ ಪಟ್ಟ ಬಿಟ್ಟ. ನಿಯೋಗ ಬಂದಿದ್ದು ಯುದ್ಧಸಾಮಗ್ರಿಯ ಲೆಕ್ಕಕ್ಕೆ. ರಷ್ಯಾ ಯುದ್ಧದಲ್ಲಿ ಉಳಿಯುತ್ತದೆಯೇ ಎಂಬುದು ಅವರ ಪ್ರಶ್ನೆ, ಬ್ರೆಡ್ಡಿನ ಸಾಲಿನಲ್ಲಿ ನಿಂತವರದು ಬೇರೆ ಪ್ರಶ್ನೆ.

ಟೆಹರಾನಿನ ಕಥೆಯಲ್ಲಿ ದೂತರು ತಾವಾಗಿಯೇ ಕಣ್ಣು ಕಟ್ಟಿಕೊಂಡಿದ್ದರು. ಇರಾನಿನ ದೊರೆ ಷಾಗೆ ಬೇಸರವಾಗಬಾರದೆಂದು ಅಮೆರಿಕ ಬಹುಕಾಲ ವಿರೋಧಿಗಳೊಡನೆ, ಮುಖ್ಯವಾಗಿ ಧಾರ್ಮಿಕ ಮುಖಂಡರೊಡನೆ, ಸಂಪರ್ಕವನ್ನು ತೀರಾ ಕಡಿಮೆ ಇಟ್ಟಿತ್ತು. ಬ್ರಿಟನ್ನಿನ ರಾಯಭಾರ ಕಚೇರಿಯ ಗಮನ ಬಹುಮಟ್ಟಿಗೆ ವ್ಯಾಪಾರದ ಮೇಲಿತ್ತು. ರಾಯಭಾರಿ ಆಂಟನಿ ಪಾರ್ಸನ್ಸ್ ನಂತರ ಇದನ್ನು ಮುಚ್ಚಿಡದೆ ಬರೆದ. 1978ರ ಆಗಸ್ಟಿನಲ್ಲಿ ಸಿಐಎ, ಇರಾನ್ ಕ್ರಾಂತಿಯ ಸ್ಥಿತಿಯಲ್ಲಿಲ್ಲ, ಕ್ರಾಂತಿಪೂರ್ವ ಸ್ಥಿತಿಯಲ್ಲೂ ಇಲ್ಲ ಎಂದಿತು. ಷಾ ಇಲ್ಲದ ಇರಾನನ್ನು ಯೋಚಿಸಬೇಕಾದೀತು ಎಂದು ಅಮೆರಿಕದ ರಾಯಭಾರಿ ಸಲಿವಾನ್ ಬರೆದದ್ದು ನವೆಂಬರ್ 9ರಂದು. ಷಾ ದೇಶ ಬಿಟ್ಟದ್ದು 1979ರ ಜನವರಿ 16. ಅವನಿಗೆ ಕ್ಯಾನ್ಸರ್ ಇತ್ತೆಂಬುದೇ ಹೊರಗಿನವರಿಗೆ ತಿಳಿದಿರಲಿಲ್ಲ. ಇನ್ನೊಂದು ತೊಡಕೆಂದರೆ, 1953ರಲ್ಲಿ ಇದೇ ಎರಡು ದೇಶಗಳು ಸೇರಿ ಸರ್ಕಾರವೊಂದನ್ನು ಉರುಳಿಸಿದ್ದ ನಾಡಿನಲ್ಲಿ ರಾಯಭಾರಿ ಯಾರೊಡನೆ ಚಹಾ ಕುಡಿದರೂ ಅದು ಸಂಕೇತವಾಗುತ್ತಿತ್ತು. ನೋಡಲು ಹೋದರೆ ನೋಡುವ ವಸ್ತುವೇ ಬದಲಾಗುವ ಸ್ಥಿತಿ.

ಇಂಥ ಪತ್ರವೊಂದು ಕೈಗೆ ಬಂದರೆ ಮೊದಲು ಮೂರು ತಾರೀಖು ಬರೆದುಕೊಳ್ಳಿ: ಘಟನೆ ನಡೆದದ್ದು, ಪತ್ರ ಬರೆದದ್ದು, ಪತ್ರ ತಲುಪಿದ್ದು. ಮೂರನ್ನೂ ಒಂದೇ ಎಂದು ಓದುವುದು ಸಾಮಾನ್ಯ ತಪ್ಪು. ಮೇಲಿನವರ ಆಜ್ಞೆ ಎಷ್ಟೋ ಸಲ ಆಗಲೇ ಬದಲಾಗಿಹೋದ ಸ್ಥಿತಿಗೆ ಕೊಟ್ಟ ಉತ್ತರವಾಗಿರುತ್ತದೆ. ನಂತರ ಪ್ರತಿ ಸಂಗತಿಯ ಪಕ್ಕದಲ್ಲಿ ಇದು ಯಾರ ಬಾಯಿಂದ ಬಂತು ಎಂದು ಗುರುತು ಹಾಕಿ. ಹೆಸರಿಲ್ಲದ ‘ಎಲ್ಲರೂ ಹೇಳುತ್ತಾರೆ’ ಎಂಬುದು ಹೆಚ್ಚಾಗಿ ರಾಜಧಾನಿಯ ಐದಾರು ಮನೆಗಳ ಮಾತು. ಹಣದ ಅಂಕಿ, ಸೈನಿಕರ ಸಂಖ್ಯೆ, ಊರಿನ ಹೆಸರು ಇರುವ ವಾಕ್ಯಕ್ಕೆ ಹೆಚ್ಚು ಬೆಲೆ ಕೊಡಿ. ‘ದುಷ್ಟರು’, ‘ಮುಗ್ಧ ರೈತರು’ ಎಂಬ ವಿಶೇಷಣ ತುಂಬಿದ ವಾಕ್ಯಕ್ಕೆ ಕಡಿಮೆ. ಅದೇ ದೂತ ಎರಡು ವಾರ ಬಿಟ್ಟು ಬರೆದ ಪತ್ರವನ್ನು ಪಕ್ಕದಲ್ಲಿಟ್ಟು, ಸದ್ದಿಲ್ಲದೆ ಕೈಬಿಟ್ಟ ಮಾತು ಯಾವುದು ಎಂದು ಹುಡುಕಿ. ಹೆಚ್ಚು ಕಲಿಸುವುದು ಆ ಬಿಟ್ಟ ಮಾತೇ.

ನಮ್ಮ ಸೀಮೆಯ ಕಾಗದಗಳಲ್ಲಿ ಸಂವತ್ಸರದ ಲೆಕ್ಕವೂ ಕೈಕೊಡುತ್ತದೆ. ವಿಕೃತಿ ಸಂವತ್ಸರ 1830ರ ಯುಗಾದಿಯಿಂದ 1831ರ ಯುಗಾದಿಯವರೆಗೆ. ವಿಕೃತಿಯ ಮಾಘ, ಫಾಲ್ಗುಣಗಳ ಕಾಗದ ಇಂಗ್ಲಿಷ್ ಲೆಕ್ಕದಲ್ಲಿ 1831ಕ್ಕೆ ಸೇರುತ್ತದೆ. 1830 ಎಂದು ಬರೆದುಕೊಂಡರೆ ಒಂದು ವರ್ಷವೇ ಹಿಂದೆ ಸರಿದು ಕಾರಣ, ಪರಿಣಾಮ ತಲೆಕೆಳಗಾಗುತ್ತವೆ. ಪೆಟ್ರೋಗ್ರಾಡಿನ ಕಾಗದಗಳಲ್ಲಿ ಇದೇ ತೊಂದರೆ 13 ದಿನದ್ದು: ಅಲ್ಲಿಯ ‘ಫೆಬ್ರವರಿ ಕ್ರಾಂತಿ’ ಉಳಿದ ಜಗತ್ತಿಗೆ ಮಾರ್ಚ್.

ಜಿಲ್ಲೆಯ ಗಡಿಯೂ ಹಾಗೆಯೇ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ; ಅದಕ್ಕೆ ಮೊದಲು ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗಕ್ಕೆ, ಹೊನ್ನಾಳಿ, ಚನ್ನಗಿರಿ ಶಿವಮೊಗ್ಗಕ್ಕೆ ಸೇರಿದ್ದವು. ಕಮಿಷನರುಗಳು ಹಳೆಯ ಆರು ಫೌಜುದಾರಿಗಳನ್ನು ಬೆಂಗಳೂರು, ಅಷ್ಟಗ್ರಾಮ, ಚಿತ್ರದುರ್ಗ, ನಗರ ಎಂಬ ನಾಲ್ಕು ಡಿವಿಷನ್‌ಗಳಾಗಿ ಮಾಡಿದ್ದರಿಂದ, ಬಸವಾಪಟ್ಟಣದ ಕೂಟವನ್ನು ಚಿತ್ರದುರ್ಗದ ಕಡತದಲ್ಲಿ ಹುಡುಕಿದರೆ ಸಿಗುವುದಿಲ್ಲ, ನಗರದ ಕಡತ ತೆಗೆಯಬೇಕು. ಇಂಗ್ಲಿಷ್ ಸೂಚಿಗಳಲ್ಲಿ ನಗರ ‘ಬೆದ್ನೂರ್’ ಆಗಿರಬಹುದು, ಚಿತ್ರದುರ್ಗ ‘ಚಿತಲ್‌ದ್ರೂಗ್’ ಆಗಿರುತ್ತದೆ.